ನಡಾವಳಿ ಪುಸ್ತಕ, ಪುಟ ನಲವತ್ತೊಂದು

ಸಾಗರ ರಸ್ತೆ, ಆಟೋ ಕಾಂಪ್ಲೆಕ್ಸು, ಇಮ್ದಾದ್ ಮೇಸ್ತ್ರಿಯ ಶೆಡ್ಡು.
ಭಾನುವಾರ ಬೆಳಿಗ್ಗೆ ಆರೂವರೆ. ಹಾಜರಿ ಏಳು ಜನ.
ಕಾರುಗಳು ಐದು. ಓಡುವವು ಮೂರು,
ಅದರಲ್ಲೊಂದು ಇಳಿಜಾರಿದ್ದರೆ ಮಾತ್ರ.

ಕಾರ್ಯದರ್ಶಿ ನಾನು. ಮೂವತ್ತೊಂದು ವರ್ಷ
ವಿಮೆ ಕಂಪನಿಗೆ ಜಖಂ ವಾಹನಗಳ ಲೆಕ್ಕ ಬರೆದವಳು.
ಸೇತುವೆಯಿಂದ ತುಂಗೆಗೆ ಬಿದ್ದ ಲಾರಿ,
ಕಾಡುಕೋಣಕ್ಕೆ ಗುದ್ದಿ ಮೂತಿ ಒಳಗೆ ಹೋದ ಜೀಪು,
ಎಲ್ಲಕ್ಕೂ ಒಂದೇ ನೀಲಿ ಶಾಯಿ: ಪೂರ್ತಿ ನಷ್ಟ.
ಈಗ ನನ್ನದೇ ಒಂದು ಟ್ರಯಂಫ್ ಇದೆ,
ಅರವತ್ತನಾಲ್ಕರದು, ಎರಡೇ ಸೀಟು, ಎಡಬಾಗಿಲಿಗೆ ಹಗ್ಗ.
ಆ ಶಾಯಿಯನ್ನು ಅದರ ಹತ್ತಿರ ತರುವುದಿಲ್ಲ.

ವಿಷಯ ಒಂದು: ಲೆಕ್ಕಪತ್ರ.
ಕೈಯಲ್ಲಿರುವುದು ನಾಲ್ಕು ಸಾವಿರದ ಇನ್ನೂರು.
ಹಲ್ಲಿನ ಡಾಕ್ಟರು ಹಾಲಪ್ಪ ಕೇಳಿದ್ದು:
ಹೋದ ಸಲ ಕಾಫಿಗೇ ಆರುನೂರು ಹೇಗಾಯ್ತು?
ಪಿಂಟೋ ಹೇಳಿದ್ದು:
ನಿಮ್ಮ ಕಾರು ತಳ್ಳಿದವರೂ ಕುಡಿದರಲ್ಲ ಡಾಕ್ಟ್ರೇ.
ಅಂಗೀಕರಿಸಲಾಯಿತು.

ವಿಷಯ ಎರಡು. ಇಲ್ಲಿ ಪೆನ್ನು ಸ್ವಲ್ಪ ನಿಂತಿತು.
ಸಂಘದ ಹೆಸರಲ್ಲೇ ಇದೆ, ಮಾಲೀಕರು ಅಂತ.
ಡ್ರಾಯಿಂಗ್ ಮಾಸ್ತರು ಧರಣೇಂದ್ರಯ್ಯ
ಹೋದ ತಿಂಗಳು ತಮ್ಮ ಎಂಜಿಯನ್ನು
ಕೊಯಮತ್ತೂರಿನವರಿಗೆ ಕೊಟ್ಟುಬಿಟ್ಟರು.
ಎಡ ಮಂಡಿ ಇನ್ನು ಕ್ಲಚ್ಚಿಗೆ ಬಗ್ಗುವುದಿಲ್ಲ.
ಅಷ್ಟೇ. ಬೇರೆ ಕತೆಯಿಲ್ಲ.
ಹಾಗಾದರೆ ಅವರು ಸದಸ್ಯರೋ, ಅತಿಥಿಯೋ?
ನಿಯಮ ಏಳನ್ನು ಹಾಲಪ್ಪ ಓದಿದರು, ತುಸು ಮೆಲ್ಲಗೆ.
ಸವೆದ ಟೈರಿನ ಮೇಲೆ ಕೂತು ಮಂಡಿ ನೀವಿಕೊಳ್ಳುತ್ತ
"ಅತಿಥಿ ಅಂತಲೇ ಬರ್ಕೊಳ್ಳಿ ಮೇಡಂ,
ಕಾಫಿ ಪುಕ್ಕಟೆ ಆಗುತ್ತೆ" ಅಂದರು ಮಾಸ್ತರು.
ಯಾರೂ ನಗಲಿಲ್ಲ. ವಿಷಯ ಮುಂದೂಡಲಾಯಿತು.

ಆಮೇಲೆ ಹೊರಟೆವು.
ಮಂಡಗದ್ದೆಯಲ್ಲಿ ಹಕ್ಕಿಗಳಿಗಿಂತ ನಮ್ಮ ಸೈಲೆನ್ಸರಿನದೇ ಗಲಾಟೆ.
ತೀರ್ಥಹಳ್ಳಿ ಬಸ್‌ಸ್ಟ್ಯಾಂಡಿನೆದುರು ಒಬ್ಬ ಹುಡುಗ ಕೇಳಿದ,
"ಅಕ್ಕಾ, ಇದಕ್ಕೆ ಮುಚ್ಚಳ ಹಾಕೋದು ಮರೆತ್ರಾ?"
ಆಗುಂಬೆ ಇಳಿದು, ಸೋಮೇಶ್ವರದಲ್ಲಿ ಬನ್ಸ್ ತಿಂದು
ಮತ್ತೆ ಹತ್ತತೊಡಗಿದಾಗ ಏಪ್ರಿಲ್ಲಿನ ಹನ್ನೊಂದು ಗಂಟೆ.
ಹದಿನಾಲ್ಕು ತಿರುವು. ಒಂಬತ್ತನೆಯದರಲ್ಲಿ
ನನ್ನ ಟ್ರಯಂಫ್ ಒಂದು ಸಲ ಬಿಕ್ಕಿತು. ಇನ್ನೊಂದು ಸಲ.
ಆಮೇಲೆ, ಜಗಳವಾಡಿ ಸುಸ್ತಾದವರ ಹಾಗೆ, ಸುಮ್ಮನಾಯಿತು.

ಹಿಂದೆ ಉಡುಪಿಯ ಮಿನಿಬಸ್ಸಿನ ಹಾರ್ನು.
ತಡೆಗೋಡೆಯ ಮೇಲೆ ತೀರ್ಪು ಕೊಡಲು ಕೂತಂತೆ ಎರಡು ಮಂಗ.
ಇಮ್ದಾದ್ ಹಾಲಪ್ಪನವರ ಕಾರಲ್ಲಿ ಆಗಲೇ ಮೇಲೆ.
ಬ್ಯಾಟರಿ ಇರಬೇಕು ಅಂದೆ.
ಪಕ್ಕದ ಸೀಟಿನಲ್ಲಿ ಮಾಸ್ತರು ಕಣ್ಣು ಮುಚ್ಚಿದ್ದರು.
"ಶ್! ಒಳಗೆ ಪೆಟ್ರೋಲು ಕುದೀತಿದೆ, ಕೇಳ್ಸುತ್ತಾ?"
ನನಗೆ ಜೀರುಂಡೆ ಮಾತ್ರ ಕೇಳಿಸಿತು.
ಹಗ್ಗ ಬಿಚ್ಚಿ, ಕಾಲೆಳೆದುಕೊಂಡು ಇಳಿದರು.
ಹೆಗಲ ಟವೆಲಿಗೆ ನನ್ನ ಕುಡಿಯುವ ನೀರನ್ನೆಲ್ಲ ಸುರಿದು
ಪಂಪಿಗೆ ಸುತ್ತಿದರು, ಒಂದನೇ ಕ್ಲಾಸಿನವರ ಕೈ ಹಿಡಿದು
ವೃತ್ತ ಬರೆಸುವಷ್ಟು ನಿಧಾನಕ್ಕೆ.
"ಹತ್ತು ನಿಮಿಷ. ಅವಸರ ಮಾಡಿದ್ರೆ ಹಟ ಮಾಡುತ್ತೆ."
ಕಾಯುತ್ತ, ಬಾನೆಟ್ಟಿನ ಧೂಳಿನಲ್ಲಿ
ಬೆರಳಿಂದ ಒಂದು ಮಡ್‌ಗಾರ್ಡಿನ ಗೆರೆ ಎಳೆದರು,
ಬಾಗಿ, ತಗ್ಗಿ, ಹಿಂದಕ್ಕೆ ಹರಿಯುವ ಉದ್ದ ಗೆರೆ.
ನನ್ನ ಕಾರಿನದಲ್ಲ ಅದು.

ಹನ್ನೊಂದನೇ ನಿಮಿಷಕ್ಕೆ ಸ್ಟಾರ್ಟ್ ಆಯಿತು.

ವಿಷಯ ಎರಡು, ಮುಂದುವರಿದದ್ದು.
ಸ್ಥಳ: ಆಗುಂಬೆಯ ಸೂರ್ಯಾಸ್ತದ ಕಟ್ಟೆ.
ಸೂರ್ಯ ನೆತ್ತಿಯ ಮೇಲಿದ್ದ.
ಮಾಲೀಕರು ಅನ್ನುವುದರ ಮುಂದೆ ಏನು ಸೇರಿಸುವುದು
ಎಂದು ಮುಕ್ಕಾಲು ಗಂಟೆ ವಾದ.
ಪಿಂಟೋ ಕೊಂಕಣಿಯಲ್ಲೂ ಹುಡುಕಿದರು. ಪದ ಸಿಗಲಿಲ್ಲ.
ಅಷ್ಟರಲ್ಲಿ ಮಾಸ್ತರು ಮುನ್ನೂರು ರೂಪಾಯಿ ಎಣಿಸಿ
ಕಟ್ಟೆಯ ಮೇಲಿಟ್ಟು, ಹಾರದಂತೆ ಕಲ್ಲಿಟ್ಟರು. ವರ್ಷದ ಚಂದಾ.
ರಸೀದಿ ಬರೆದೆ. ವಾಹನ ಸಂಖ್ಯೆ ಅನ್ನುವಲ್ಲಿ
ಅವರ ಹಳೆಯ ನಂಬರು ತಾನಾಗಿ ಬಂದುಬಿಟ್ಟಿತು.
ಹೊಡೆದುಹಾಕಲಿಲ್ಲ.

ಟವೆಲು ಇನ್ನೂ ಪಂಪಿನ ಮೇಲಿದೆ.
ಅವರು ಕೇಳಿಲ್ಲ. ನಾನು ಬಿಚ್ಚಿಲ್ಲ.

ಮುಂದಿನ ಸಭೆ ಎರಡನೇ ಭಾನುವಾರ.
ತಳ್ಳುವವರು ಅರ್ಧ ಗಂಟೆ ಮೊದಲೇ ಬರತಕ್ಕದ್ದು.